ಮುಖಪುಟ ನೋಡಿ ಪುಸ್ತಕ ಕೊಳ್ಳಬಹುದೇ?

ಪ್ರಶ್ನೆ: ಮುಖಪುಟದಲ್ಲಿ ದೈವದ ಅಣಿಯ (ದೈವದ ವೇಷಕ್ಕೆ ಬೆನ್ನಿಗೆ ಕಟ್ಟುವ ಅಲಂಕಾರ) ದೊಡ್ಡ ಚಿತ್ರ ಕಂಡು ಒಂದು ಕಥಾಸಂಕಲನ ಕೊಂಡೆ. ಹದಿನಾಲ್ಕು ಕತೆಗಳಲ್ಲಿ ದೈವದ ಸುದ್ದಿ ಬರುವುದು ಒಂದರಲ್ಲಿ ಮಾತ್ರ. ಉಳಿದವೆಲ್ಲ ಮುಂಬಯಿಯ ಹೋಟೆಲ್ ಬದುಕಿನವು. ಮುಖಪುಟವನ್ನು ಎಷ್ಟು ನಂಬಬೇಕು?
– ಓದುಗರೊಬ್ಬರು, ಕಾಪು

ಉತ್ತರ: ಪುಸ್ತಕ ಯಾವ ಬಗೆಯದು, ಅದರ ಧಾಟಿ ಏನು ಎಂಬಷ್ಟಕ್ಕೆ ನಂಬಿ. ಕತೆಯ ವಿಷಯಕ್ಕೆ ನಂಬಬೇಡಿ. ಒಳಪುಟಗಳ ಕರಡು ತಿದ್ದುತ್ತಿರುವಾಗಲೇ ಬಿಡುಗಡೆಯ ದಿನ ಗೊತ್ತಾಗಿರುತ್ತದೆ, ಮುಖಪುಟದ ಕೆಲಸವೂ ಶುರುವಾಗಿರುತ್ತದೆ. ಕಲಾವಿದರಿಗೆ ಎಷ್ಟೋ ಸಲ ಸಿಗುವುದು ಶೀರ್ಷಿಕೆ, ಲೇಖಕರ ಹೆಸರು, ವಾಟ್ಸಾಪಿನಲ್ಲಿ ಬಂದ ನಾಲ್ಕು ಸಾಲು, ಅಷ್ಟೇ. ಹಸ್ತಪ್ರತಿ ಓದದೆ ಅವರು ಶೀರ್ಷಿಕೆಯನ್ನಷ್ಟೇ ಬಿಡಿಸಬಲ್ಲರು. ಸಂಕಲನಗಳಲ್ಲಂತೂ ಹೆಸರು ಕೊಟ್ಟ ಒಂದು ಕತೆಯ ಚಿತ್ರವೇ ಉಳಿದ ಹದಿಮೂರರ ಮೇಲೂ ಕೂರುತ್ತದೆ. ನಿಮಗಾದದ್ದು ಅದೇ.

ಕರಾವಳಿಯ ಪುಸ್ತಕಗಳಿಗೆ ಇನ್ನೊಂದು ಕಾಟವಿದೆ. ಊರು ಕಾಣದವರು ಇಂಟರ್ನೆಟ್ಟಿನ ಫೋಟೋ ನೋಡಿ ಬಿಡಿಸಿದಾಗ ದೈವಾರಾಧನೆಯ ಕೋಲ, ಯಕ್ಷಗಾನ ಎರಡೂ ಒಂದೇ ಆಗಿಬಿಡುತ್ತವೆ. ದೈವದ ಬೆನ್ನಿಗೆ ಕಟ್ಟುವ ಅಣಿಯೇ ಬೇರೆ, ಯಕ್ಷಗಾನದ ವೇಷಧಾರಿ ತಲೆಗೆ ಕಟ್ಟುವ ಕಿರೀಟವೇ ಬೇರೆ. ಬಡಗುತಿಟ್ಟಿನ, ಅಂದರೆ ಉತ್ತರದ ಯಕ್ಷಗಾನ ಶೈಲಿಯ, ಊರಾದ ಕುಂದಾಪುರದ ಭಾಗವತರ ಕತೆಗೆ ದಕ್ಷಿಣದ ತೆಂಕುತಿಟ್ಟಿನ ವೇಷ ಹಾಕಿದರೆ ಇಲ್ಲಿಯ ಓದುಗ ಪುಸ್ತಕ ಬಿಡಿಸುವ ಮೊದಲೇ ಮುಖ ತಿರುಗಿಸುತ್ತಾನೆ. ಇದನ್ನು ಸಣ್ಣ ತಪ್ಪೆಂದು ನಾವು ಒಪ್ಪುವುದಿಲ್ಲ.

ಅಂಗಡಿಯಲ್ಲಿ ಐದು ನಿಮಿಷ ಕೊಡಿ. ಮೊದಲು ಪರಿವಿಡಿ ನೋಡಿ. ಆಮೇಲೆ ಬೆನ್ನುಡಿ. ಅದು ಮುನ್ನುಡಿಯಿಂದ ಎತ್ತಿದ ತುಂಡಾಗಿದ್ದು ಲೇಖಕರನ್ನೇ ಹೊಗಳುತ್ತಿದ್ದರೆ ಕತೆಯ ಬಗ್ಗೆ ಏನೂ ತಿಳಿಯದು. ಮುನ್ನುಡಿಯನ್ನು ಅಲ್ಲೇ ಓದಬೇಡಿ, ಕೊನೆ ಏನಾಯಿತೆಂಬುದನ್ನೂ ಹೇಳಿಬಿಡುವ ಮುನ್ನುಡಿಗಳು ಬೇಕಾದಷ್ಟಿವೆ. ಮೊದಲ ಪುಟ ಓದಿ, ನಡುವಿನ ಯಾವುದಾದರೂ ಒಂದು ಪುಟ ಓದಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ, ಬರವಣಿಗೆಯ ನಿಜವಾದ ನಡೆ ಕಾಣುವುದು ನಡುವೆ.

ಕತೆ ಏನೆಂದು ತಿಳಿಸುವ ಭಾರವನ್ನು ಹಿಂದೆ ಶೀರ್ಷಿಕೆಯೇ ಹೊರುತ್ತಿತ್ತು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ ‘ಸದ್ಧರ್ಮ ವಿಜಯ’ ಎಂಬ ಇನ್ನೊಂದು ಹೆಸರೂ ಇತ್ತು. ಯಾರ ಕತೆ, ಎತ್ತ ಸಾಗುತ್ತದೆ ಎಂಬೆರಡೂ ಅದರಲ್ಲೇ ಇದ್ದವು.

ಪ್ರಶ್ನೆ: ಮೊದಲ ಕಾದಂಬರಿಯನ್ನು ನಾನೇ ಅಚ್ಚು ಹಾಕಿಸುತ್ತಿದ್ದೇನೆ. ಡೆಮಿ 1/8 ಅಳತೆ (140 x 216 ಮಿ.ಮೀ.), 200 ಪುಟ. ಕತೆಗೆ ಹೊಂದುವ ಮುಖಪುಟ ಮಾಡಿಸುವುದು ಹೇಗೆ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಕಲಾವಿದರಿಗೆ ಒಂದು ಪುಟದ ಟಿಪ್ಪಣಿ, ಜತೆಗೆ ಕತೆಯ ಗುಣ ಎದ್ದು ಕಾಣುವ ಹತ್ತು ಪುಟ ಕಳಿಸಿ. ಕತೆ ನಡೆಯುವ ಊರು, ಕಾಲ, ಮುಖ್ಯ ಪಾತ್ರದ ವಯಸ್ಸು, ಕಸುಬು, ಮತ್ತೆ ಮತ್ತೆ ಬರುವ ಒಂದು ವಸ್ತು, ಇಷ್ಟು ಟಿಪ್ಪಣಿಯಲ್ಲಿರಲಿ. ಯಾವ ಘಟನೆ ಬಯಲಾಗಬಾರದು ಎಂಬುದನ್ನೂ ಬರೆಯಿರಿ. ಇದನ್ನು ಮರೆತೇ ಎಷ್ಟೋ ಮಂದಿ ಕೊನೆಯ ಅಧ್ಯಾಯವನ್ನು ಮುಖಪುಟಕ್ಕೆ ತರುತ್ತಾರೆ. ಗುತ್ತಿನ ಮನೆ (ತುಳುನಾಡಿನ ಹಳೆಯ ದೊಡ್ಡ ಮನೆತನದ ಮನೆ), ದೋಣಿ ಬರುವುದಾದರೆ ಇಲ್ಲಿಯದೇ ಫೋಟೋ ಕೊಡಿ, ಇಲ್ಲವಾದರೆ ಕೇರಳದ ಹೌಸ್‌ಬೋಟ್ ಬಂದು ಕೂರುತ್ತದೆ. ಪೆನ್ಸಿಲಿನ ಎರಡು ಕರಡು ಕೇಳಿ, ಒಂದನ್ನು ಆರಿಸಿ, ಆಮೇಲೆ ಬಣ್ಣ. ಮುಗಿದ ಚಿತ್ರವನ್ನು ಮೊಬೈಲಲ್ಲಿ ಎರಡು ಇಂಚಿಗೆ ಕುಗ್ಗಿಸಿ ನೋಡಿ. ಆನ್‌ಲೈನಲ್ಲಿ ಕೊಳ್ಳುವವರಿಗೆ ಕಾಣುವುದು ಅಷ್ಟೇ. ಶೀರ್ಷಿಕೆ ಓದಲು ಬಾರದಿದ್ದರೆ ಅಕ್ಷರ ದಪ್ಪ ಮಾಡಿಸಿ.

ಅಳತೆ ಹೀಗೆ: 200 ಪುಟವೆಂದರೆ 100 ಹಾಳೆ. 70 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದವಾದರೆ ಪುಸ್ತಕದ ಬೆನ್ನು ಸುಮಾರು 9 ಮಿ.ಮೀ. ಆದೀತು. ಅಂದಾಜಿಗೆ ಬಿಡದೆ ಅದೇ ಕಾಗದದ 100 ಖಾಲಿ ಹಾಳೆ ಒತ್ತಿ ಹಿಡಿದು ಅಳೆಯಿರಿ. ಎರಡು ರಟ್ಟು ತಲಾ 140, ನಡುವೆ 9, ಸುತ್ತ ಕತ್ತರಿಸಿ ಹೋಗಲು ತಲಾ 3 ಸೇರಿ ಮುಖಪುಟದ ಪೂರ್ತಿ ಹಾಳೆ 295 ಮಿ.ಮೀ. ಅಗಲ, 222 ಮಿ.ಮೀ. ಎತ್ತರ. ಪುಟಸಂಖ್ಯೆ ಗಟ್ಟಿಯಾಗುವ ಮೊದಲು ಬೆನ್ನು ಮುಗಿಸಬೇಡಿ. ಕೊನೆಗೆ 16 ಪುಟ ಹೆಚ್ಚಾದರೆ ಬೆನ್ನಿನ ಅಕ್ಷರ ಪಕ್ಕಕ್ಕೆ ಸರಿಯುತ್ತದೆ.

ಕಂಪ್ಯೂಟರಿನಲ್ಲಿ ಮಿಂಚುವ ಕಡಲ ನೀಲಿ, ಗದ್ದೆಯ ಹಸಿರು ಅಚ್ಚಿನಲ್ಲಿ ಮಂಕಾಗುತ್ತವೆ. ಫೈಲನ್ನು ಸಿಎಂವೈಕೆಗೆ (ಅಚ್ಚಿನ ನಾಲ್ಕು ಬಣ್ಣಗಳ ಕ್ರಮಕ್ಕೆ) ಬದಲಿಸಿ, ಕಾಗದದ ಮೇಲೆ ಒಂದು ಪ್ರತಿ ತೆಗೆಸಿ ನೋಡಿಯೇ ಒಪ್ಪಿಗೆ ಕೊಡಿ. ಮಳೆಗಾಲದಲ್ಲಿ ಬಿಡುಗಡೆಯಾದರೆ ರಟ್ಟು ಮೇಲಕ್ಕೆ ಸುರುಳುವುದೂ ಇದೆ. ಲ್ಯಾಮಿನೇಶನ್ ಇಲ್ಲದ ಒಳಮೈ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ. ರಟ್ಟಿನ ನಾರಿನ ಎಳೆ ಬೆನ್ನಿಗೆ ಸಮಾನಾಂತರವಾಗಿ ಬರುವಂತೆ ಕತ್ತರಿಸಲು ಹೇಳಿದರೆ ಇದು ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ಹೊಸ ಮುಖಪುಟ ನೋಡಿ ಮನೆಯಲ್ಲಿದ್ದ ಕಾದಂಬರಿಯನ್ನೇ ಮತ್ತೆ ಕೊಂಡುಬಿಟ್ಟೆ. ತಿಳಿಯುವುದು ಹೇಗೆ?
– ಓದುಗರೊಬ್ಬರು, ಉರ್ವ, ಮಂಗಳೂರು

ಉತ್ತರ: ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಮೊದಲ ಮುದ್ರಣ’ದ ವರ್ಷ ನೋಡಿ. ‘ಪರಿಷ್ಕೃತ’ ಎಂದಿಲ್ಲದಿದ್ದರೆ ಒಳಗಿರುವುದು ಹಳೆಯದೇ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನಂಬಿ ಕೂರಬೇಡಿ, ಪ್ರಕಾಶಕರು ಬದಲಾದರೆ ಅದೇ ಕತೆಗೆ ಸಂಖ್ಯೆಯೂ ಬದಲಾಗುತ್ತದೆ.