ಓದುಗರ ಪ್ರಶ್ನೆ: ಅಂತಿಗೊನೆಯ ಎದುರು ನಿಂತ ಕ್ರಿಯಾನ್ ಖಳನಾಯಕನೇ?

ಪ್ರಶ್ನೆ: ಸೋಫೋಕ್ಲಿಸನ ‘ಅಂತಿಗೊನೆ’ ನಾಟಕವನ್ನು ಕುಟುಂಬನಿಷ್ಠೆ ಮತ್ತು ಪ್ರಭುತ್ವದ ನಡುವಣ ಸಂಘರ್ಷವೆಂದು ವಿಮರ್ಶಕರು ವಿವರಿಸುತ್ತಾರೆ. ಆದರೆ ಓದುವಾಗ ನನಗೆ ಕ್ರಿಯಾನ್ ಬರಿಯ ಕ್ರೂರಿಯಾಗಿಯೇ ಕಂಡ. ಅವನ ಪರವಾಗಿ ಹೇಳಲು ಏನಾದರೂ ಇದೆಯೇ? ಅಂದಿನ ಅಥೆನ್ಸಿನ ಪ್ರೇಕ್ಷಕರು ಅವನನ್ನು ಹೇಗೆ ಕಂಡಿರಬಹುದು?

ಉತ್ತರ: ಹೇಳಲು ಸಾಕಷ್ಟಿದೆ. ನಾಟಕ ಆರಂಭವಾಗುವ ಹೊತ್ತಿಗೆ ಥೀಬ್ಸ್ ನಗರವು ಮುತ್ತಿಗೆಯಿಂದ ಆಗತಾನೆ ಪಾರಾಗಿದೆ. ಈಡಿಪಸನ ಮಕ್ಕಳಲ್ಲಿ ಎಟಿಯೋಕ್ಲಿಸ್ ನಗರವನ್ನು ಕಾಯುತ್ತಲೂ, ಪಾಲಿನೈಸಿಸ್ ಆರ್ಗಾಸಿನ ಸೈನ್ಯವನ್ನು ಕರೆತಂದು ಅದೇ ನಗರದ ಮೇಲೆ ಬೀಳುತ್ತಲೂ, ಒಬ್ಬರ ಕೈಯಿಂದ ಒಬ್ಬರು ಸತ್ತಿದ್ದಾರೆ. ಪಟ್ಟಕ್ಕೆ ಬಂದ ಅವರ ಸೋದರಮಾವ ಕ್ರಿಯಾನ್, ಮೊದಲನೆಯವನಿಗೆ ಸಕಲ ಮರ್ಯಾದೆಯ ಅಂತ್ಯಸಂಸ್ಕಾರವನ್ನು ವಿಧಿಸಿ, ಎರಡನೆಯವನ ಶವವನ್ನು ಯಾರೂ ಮಣ್ಣು ಮಾಡಕೂಡದು, ಅವನಿಗಾಗಿ ಅಳಲೂ ಕೂಡದು ಎಂದು ಡಂಗುರ ಸಾರಿಸುತ್ತಾನೆ. ಸತ್ತವರ ಸೋದರಿ ಅಂತಿಗೊನೆ ಆ ಆಜ್ಞೆಯನ್ನು ಮೀರಿ ಪಾಲಿನೈಸಿಸನ ಶವಕ್ಕೆ ಮಣ್ಣು ಹಾಕಿ ಸಿಕ್ಕಿಬೀಳುತ್ತಾಳೆ. ಸ್ವಂತ ನಾಡಿಗಿಂತ ಆಪ್ತರನ್ನು ದೊಡ್ಡವರೆಂದು ಬಗೆಯುವವನು ಯಾವ ಲೆಕ್ಕಕ್ಕೂ ಸಲ್ಲನೆಂದು ಅವನು ಹಿರಿಯರ ಮೇಳದ ಮುಂದೆ ಆಡುವ ಮೊದಲ ಮಾತುಗಳು ಅಥೆನ್ಸಿನವರ ಕಿವಿಗೆ ಕಠೋರವಾಗಿ ಕೇಳಿಸಿರಲಾರವು. ಸುಮಾರು ಕ್ರಿ.ಪೂ. 441ರಲ್ಲಿ ಈ ನಾಟಕ ಪ್ರದರ್ಶಿತವಾಗಿ ಒಂದು ಶತಮಾನ ಕಳೆದ ಮೇಲೆ, ಅಂದರೆ ಕ್ರಿ.ಪೂ. 343ರಲ್ಲಿ, ವಾಗ್ಮಿ ಡೆಮಾಸ್ತನೀಸ್ ತನ್ನ ಎದುರಾಳಿ ಈಸ್ಕಿನೀಸನ ವಿರುದ್ಧದ ಮೊಕದ್ದಮೆಯಲ್ಲಿ ಇದೇ ಭಾಷಣವನ್ನು ಓದಿಸಿ, ದೇಶಸೇವಕನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ ಎಂಬ ಧಾಟಿಯಲ್ಲಿ ವಾದಿಸಿದ್ದನು. (ಹಿಂದೆ ನಟನಾಗಿದ್ದ ಈಸ್ಕಿನೀಸ್ ಕ್ರಿಯಾನನ ಪಾತ್ರವನ್ನೇ ಆಡಿದ್ದನೆಂದು ಚುಚ್ಚುವುದನ್ನೂ ಅವನು ಬಿಡಲಿಲ್ಲ.)

ದ್ರೋಹಿಯ ಶವಕ್ಕೆ ನೆಲವನ್ನು ನಿರಾಕರಿಸುವುದೂ ಅವರಿಗೆ ಹೊಸದಾಗಿರಲಿಲ್ಲ. ದೇಶದ್ರೋಹಿಯೆಂದು ತೀರ್ಪಾದವನನ್ನು ಅಥೆನ್ಸಿಗೆ ಸೇರಿದ ಸೀಮೆಯಾದ ಅಟಿಕಾದೊಳಗೆ ಹೂಳಬಾರದೆಂಬ ಕಾನೂನು ಅಥೆನ್ಸಿನಲ್ಲಿಯೇ ಇತ್ತು. ದ್ರೋಹದ ಆರೋಪಕ್ಕೆ ಗುರಿಯಾಗಿ ಪರ್ಷಿಯನ್ನರ ಆಶ್ರಯದಲ್ಲಿ ತೀರಿಕೊಂಡ ಅಥೆನ್ಸಿನ ಸೇನಾನಿ ಥೆಮಿಸ್ಟೊಕ್ಲಿಸನ ಎಲುಬುಗಳನ್ನು ಅವನ ಬಂಧುಗಳು ಅಥೆನ್ಸಿನವರಿಗೆ ತಿಳಿಯದಂತೆ ತಂದು ಅಟಿಕಾದಲ್ಲಿ ಹೂಳಿದರೆಂಬ ಸುದ್ದಿಯನ್ನು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸಿದ್ದಾನೆ. ಅಂತಿಗೊನೆಯ ಕಥೆ ಅವರಿಗೆ ಪುರಾಣವಷ್ಟೇ ಆಗಿರಲಿಲ್ಲವೆಂಬುದಕ್ಕೆ ಇದೊಂದೇ ಸಾಕು. ಆದರೆ ಆ ಕಾನೂನು ಗಡಿಯಾಚೆ ಹೂಳುವುದನ್ನು ತಡೆಯುತ್ತಿರಲಿಲ್ಲ. ಕ್ರಿಯಾನನಾದರೋ ಶವವು ನಾಯಿ, ಹದ್ದುಗಳ ಪಾಲಾಗಬೇಕೆಂದು ಕಾವಲನ್ನೇ ಹಾಕಿಸುತ್ತಾನೆ. ಪ್ರಭುತ್ವಕ್ಕೆ ಸಲ್ಲುವ ದಂಡನೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಲೂ ಅವನು ಮುಂದೆ ಹೋಗಿದ್ದಾನೆ.

ಎರಡು ಪಕ್ಷಗಳೂ ನ್ಯಾಯವೇ, ಆದರೆ ಎರಡೂ ಅಪೂರ್ಣ ಎಂದು ಜರ್ಮನ್ ತತ್ತ್ವಜ್ಞಾನಿ ಹೆಗೆಲ್ ಹೇಳಿದ್ದನ್ನು ನಾನು ಅರ್ಧಕ್ಕಷ್ಟೇ ಒಪ್ಪುತ್ತೇನೆ. ಈ ನಾಟಕದಲ್ಲಿ ಕುಟುಂಬ ಒಂದು ದಡದಲ್ಲಿ, ಪ್ರಭುತ್ವ ಇನ್ನೊಂದು ದಡದಲ್ಲಿ ನಿಂತಿಲ್ಲ. ರಕ್ತಸಂಬಂಧಕ್ಕಿಂತ ನಗರವೇ ಹೆಚ್ಚೆಂದು ಸಾರುವ ಅದೇ ಭಾಷಣದಲ್ಲಿ, ಸತ್ತವರಿಗೆ ತಾನು ಅತ್ಯಂತ ಸಮೀಪದ ಬಂಧುವಾದ್ದರಿಂದ ಸಿಂಹಾಸನ ತನ್ನದಾಯಿತೆಂದು ಕ್ರಿಯಾನ್ ಹೇಳಿಕೊಳ್ಳುತ್ತಾನೆ. ಅವನಿಗೆ ಅಧಿಕಾರ ಬಂದದ್ದೇ ಬಂಧುತ್ವದಿಂದ! ಅಕ್ಕತಂಗಿಯರ ಮಗಳೇ ಆಗಲಿ, ಅದಕ್ಕಿಂತ ಹತ್ತಿರದವಳೇ ಆಗಲಿ, ಶಿಕ್ಷೆ ತಪ್ಪದೆಂದು ಅವನು ಗುಡುಗುವುದನ್ನು ಇದರೊಡನೆ ಇಟ್ಟು ಓದಬೇಕು. ಮುಂದೆ ಅವನ ಮಗ, ಅಂತಿಗೊನೆಗೆ ನಿಶ್ಚಯವಾಗಿದ್ದ ವರ ಹೀಮಾನ್, ನಗರದ ಜನರೆಲ್ಲ ಒಳಗೊಳಗೇ ಆ ಹುಡುಗಿಗಾಗಿ ಮರುಗುತ್ತಿದ್ದಾರೆಂದು ತಿಳಿಸಿದಾಗ, ನಾನು ಹೇಗೆ ಆಳಬೇಕೆಂದು ನಗರ ನನಗೆ ಹೇಳಿಕೊಡಬೇಕೇ ಎಂದು ತಂದೆ ಕೆರಳುತ್ತಾನೆ. ಒಬ್ಬನೇ ಮನುಷ್ಯನ ಸ್ವತ್ತಾದದ್ದು ನಗರವೇ ಅಲ್ಲವೆಂದು ಮಗ ಉತ್ತರಿಸುತ್ತಾನೆ. ಕುಟುಂಬದವನೇ ನಗರದ ಪರವಾಗಿ ಮಾತನಾಡುತ್ತಿರುವ ಈ ಘಳಿಗೆಯಲ್ಲಿ ಕ್ರಿಯಾನನ ಪಕ್ಷ ಬಿದ್ದುಹೋಗುತ್ತದೆ. ಅವನು ಸಾರಿದ ಮೊದಲ ಶಿಕ್ಷೆ, ಜನರು ಸೇರಿ ಕಲ್ಲೆಸೆದು ಕೊಲ್ಲುವುದಾಗಿತ್ತು. ಈ ವಾಗ್ವಾದದ ನಂತರ ಅದು ಜನರ ಕೈಯೇ ಬೇಕಿಲ್ಲದ ಶಿಕ್ಷೆಯಾಗಿ, ನಿರ್ಜನ ಪ್ರದೇಶದ ಗುಹೆಯಲ್ಲಿ ಜೀವಂತ ಮುಚ್ಚುವುದಾಗಿ ಬದಲಾಗುತ್ತದೆ. ಆದ್ದರಿಂದ ಅವನು ಖಳನಲ್ಲ. ಸರಿಯಾದ ಮಾತಿನಿಂದ ಹೊರಟು, ನಗರವೆಂದರೆ ತಾನೇ ಎಂಬಲ್ಲಿಗೆ ಬಂದು ನಿಂತವನು.

ಪ್ರಶ್ನೆ: ಅಂತಿಗೊನೆ ಕುಟುಂಬದ ಪರವಾಗಿ ಹೋರಾಡುವವಳಾದರೆ ಒಡಹುಟ್ಟಿದ ಇಸ್ಮೀನಳನ್ನು ಅಷ್ಟು ನಿಷ್ಠುರವಾಗಿ ದೂರ ತಳ್ಳುವುದೇಕೆ? ಗಂಡನಿಗಾಗಲಿ ಮಗುವಿಗಾಗಲಿ ಇದನ್ನು ಮಾಡುತ್ತಿರಲಿಲ್ಲವೆಂಬ ಅವಳ ಮಾತೂ ನನ್ನನ್ನು ಕಾಡಿದೆ.

ಉತ್ತರ: ನಿಮ್ಮೊಬ್ಬರನ್ನೇ ಅಲ್ಲ. ಗಂಡ ಸತ್ತರೆ ಮತ್ತೊಬ್ಬ ಗಂಡ, ಮಗು ಸತ್ತರೆ ಮತ್ತೊಂದು ಮಗು ದೊರೆತೀತು, ತಂದೆತಾಯಿಗಳು ತೀರಿದ ಮೇಲೆ ಅಣ್ಣತಮ್ಮ ಮತ್ತೆ ಹುಟ್ಟಲಾರನೆಂಬ ಆ ತರ್ಕದಿಂದ ಕವಿ ಗಯಟೆ ಎಷ್ಟು ಮುಜುಗರಪಟ್ಟನೆಂದರೆ, ಯಾರಾದರೂ ಪಂಡಿತರು ಈ ಸಾಲುಗಳನ್ನು ಪ್ರಕ್ಷಿಪ್ತವೆಂದು, ಅಂದರೆ ಬೇರೆಯವರು ಆಮೇಲೆ ಸೇರಿಸಿದವೆಂದು ಸಾಧಿಸಿಕೊಡಲಿ ಎಂದು ಹಾರೈಸಿದನು. ಆದರೆ ಅರಿಸ್ಟಾಟಲನೇ ತನ್ನ ಅಲಂಕಾರಶಾಸ್ತ್ರದ ಗ್ರಂಥದಲ್ಲಿ ಈ ಮಾತುಗಳನ್ನು ಉಲ್ಲೇಖಿಸುತ್ತಾನೆ. ಪರ್ಷಿಯದ ದೊರೆ ಡೇರಿಯಸನೆದುರು, ಮನೆಯವರೊಡನೆ ಮರಣದಂಡನೆಗೆ ಗುರಿಯಾಗಿದ್ದ ಇಂಟಾಫ್ರೆನೀಸನೆಂಬ ಸರದಾರನ ಹೆಂಡತಿ ಇದೇ ಕಾರಣ ಕೊಟ್ಟು ಗಂಡ, ಮಕ್ಕಳನ್ನು ಬಿಟ್ಟು ತನ್ನ ಸೋದರನನ್ನು ಉಳಿಸಿಕೊಳ್ಳಲು ಕೇಳಿದ ಕಥೆ ಇತಿಹಾಸಕಾರ ಹೆರೊಡೊಟಸನಲ್ಲಿದೆ. ಸಾಲುಗಳು ಸೋಫೋಕ್ಲಿಸನವೇ ಎಂದು ನನ್ನ ಎಣಿಕೆ. ಅವು ಇಲ್ಲದಿದ್ದರೆ ನಾಟಕ ಸರಳವಾಗುತ್ತಿತ್ತು, ಬಡವಾಗುತ್ತಿತ್ತು.

ದೇವತೆಗಳ ಅಲಿಖಿತ, ಶಾಶ್ವತ ಕಟ್ಟಳೆಗಳನ್ನು ಮರ್ತ್ಯನೊಬ್ಬನ ಡಂಗುರ ಮೀರಲಾರದೆಂದು ಕ್ರಿಯಾನನ ಮುಂದೆ ಎತ್ತರದ ದನಿಯಲ್ಲಿ ವಾದಿಸಿದವಳು, ಸಾವಿನ ಹೊಸ್ತಿಲಲ್ಲಿ ಆ ಸಾರ್ವತ್ರಿಕ ನಿಯಮವನ್ನು ತನ್ನೊಬ್ಬ ಸೋದರನಿಗೆ ಕಿರಿದುಗೊಳಿಸುತ್ತಾಳೆ. ಅವಳ ಕುಟುಂಬವೆಂದರೆ ಹುಟ್ಟಿದ ಮನೆ, ಅದರಲ್ಲಿಯೂ ಆ ಮನೆಯ ಸತ್ತವರು. ಕೊನೆಯ ವಿಲಾಪದಲ್ಲಿ ಮದುವೆಯಾಗದೆ ಹೋದ ಕೊರಗಿದೆ, ಹೀಮಾನನ ಹೆಸರಿಲ್ಲ. ಮೊದಲು ಹೆದರಿ ಹಿಂದೆಗೆದ ಇಸ್ಮೀನ್ ಆಮೇಲೆ ಜೊತೆಯಲ್ಲಿ ಸಾಯಲು ಮುಂದೆ ಬಂದರೂ ಆ ಹಕ್ಕನ್ನು ಅವಳಿಗೆ ಕೊಡುವುದಿಲ್ಲ. ಇದು ಕುಂದೆಂದು ಎಣಿಸಿ ಅಂತಿಗೊನೆಯನ್ನು ಸಮರ್ಥಿಸಲು ಹೊರಡುವುದು ಬೇಕಿಲ್ಲ. ಕ್ರಿಯಾನನಂತೆ ಅವಳೂ ತಾನು ಕಾಯುವುದಾಗಿ ಹೇಳುವ ವಸ್ತುವಿನ ಒಂದು ಭಾಗವನ್ನು ಕತ್ತರಿಸಿಯೇ ಕಾಯುತ್ತಾಳೆ.

ಪ್ರಶ್ನೆ: ಕಾಲಜ್ಞಾನಿ ಟೈರೀಸಿಯಸನ ಎಚ್ಚರಿಕೆಯ ನಂತರ ಕ್ರಿಯಾನ್ ಮನಸ್ಸು ಬದಲಿಸಿದರೂ ದುರಂತ ತಪ್ಪುವುದಿಲ್ಲವೇಕೆ?

ಉತ್ತರ: ಮೊದಲು ಹುಡುಗಿಯನ್ನು ಬಿಡಿಸಿ, ಆಮೇಲೆ ಶವಕ್ಕೆ ಗೋರಿ ಕಟ್ಟಿಸೆಂಬ ಅನುಕ್ರಮದಲ್ಲಿ ಮೇಳವು ಸಲಹೆ ಕೊಡುತ್ತದೆ. ಕ್ರಿಯಾನ್ ಮೊದಲು ಶವಸಂಸ್ಕಾರ ಮಾಡಿ ನಂತರ ಗುಹೆಗೆ ಹೋಗುತ್ತಾನೆ. ಅಷ್ಟರಲ್ಲಿ ಅವಳು ನೇಣು ಹಾಕಿಕೊಂಡಿದ್ದಾಳೆ.

ಪ್ರಶ್ನೆ: ಈ ಸಂಘರ್ಷಕ್ಕೆ ಪರಿಹಾರ ಕಂಡುಕೊಂಡ ಗ್ರೀಕ್ ರುದ್ರನಾಟಕ ಯಾವುದಾದರೂ ಇದೆಯೇ?

ಉತ್ತರ: ಕ್ರಿ.ಪೂ. 458ರಲ್ಲಿ ಪ್ರದರ್ಶಿತವಾದ ಈಸ್ಕಿಲಸನ ‘ಯುಮೆನಿಡೀಸ್’ ಅಂಥದು. ತಂದೆಯನ್ನು ಕೊಂದ ತಾಯಿಯನ್ನು ಕೊಂದ ಒರೆಸ್ಟಿಸನನ್ನು ರಕ್ತದ ಹಗೆ ತೀರಿಸುವ ದೇವತೆಗಳು ಬೆನ್ನಟ್ಟಿದಾಗ, ಅಥೀನಾ ದೇವಿ ಅರಿಯೊಪಗಸ್ ಬೆಟ್ಟದ ಮೇಲೆ ನಾಗರಿಕರ ನ್ಯಾಯಸಭೆಯನ್ನು ಸ್ಥಾಪಿಸುತ್ತಾಳೆ. ಮತಗಳು ಸಮವಾಗಿ ಅವನು ಬಿಡುಗಡೆ ಹೊಂದುತ್ತಾನೆ. ಮನೆಯ ಸೇಡಿನ ಸರಪಳಿಯನ್ನು ನಗರದ ನ್ಯಾಯಾಲಯ ಕಡಿದದ್ದು ನಿಜ. ಆದರೆ ಅದಕ್ಕಾಗಿ ಅಪೊಲೊ ಮಂಡಿಸುವ ವಾದ, ಹೆತ್ತ ತಾಯಿ ಬೀಜವನ್ನು ಪೋಷಿಸುವವಳೇ ಹೊರತು ಮಗುವಿಗೆ ಜನ್ಮ ಕೊಟ್ಟವಳಲ್ಲವೆಂಬುದು. ತಾಯಿಯಿಲ್ಲದೆ ಹುಟ್ಟಿದ ಅಥೀನಾ ತನ್ನ ಮತವನ್ನು ಅದೇ ಪಕ್ಷಕ್ಕೆ ಹಾಕುತ್ತಾಳೆ. ಕುಟುಂಬದ ಅರ್ಧವನ್ನು ಲೆಕ್ಕದಿಂದ ತೆಗೆದ ಮೇಲೆ ಸಿಕ್ಕ ಈ ಪರಿಹಾರವನ್ನು ಪೂರ್ಣವೆಂದು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.