ರಾಯಚೂರಿನ ಹಳೆಯ ಘಟಕ ನಿಂತರೆ ಚಿತ್ರದುರ್ಗದ ಬಿಸಿಲು, ಗಾಳಿ ಸಾಕೇ?

ನಿಮ್ಮ ಪ್ರಶ್ನೆ ಹೀಗಿದೆ: ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ 1985ರಲ್ಲಿ ಶುರುವಾದ 210 ಮೆಗಾವ್ಯಾಟ್ ಘಟಕವನ್ನು ನಿಲ್ಲಿಸಿದರೆ, ಚಳ್ಳಕೆರೆ, ಹಿರಿಯೂರು ಕಡೆ ಸೋಲಾರ್ ಮತ್ತು ಗಾಳಿಯಂತ್ರ ಹಾಕಿ ಅಷ್ಟೇ ಕರೆಂಟ್ ತೆಗೆಯಬಹುದೇ, ಜಮೀನು ಎಷ್ಟು ಬೇಕು? ವರ್ಷದ ಯುನಿಟ್ ಲೆಕ್ಕದಲ್ಲಿ ಖಂಡಿತ ಆಗುತ್ತದೆ. ಕಷ್ಟ ಇರುವುದು ಸಂಜೆಯ ಹೊತ್ತಿನಲ್ಲಿ, ಮತ್ತು ಊರ ಪಕ್ಕದ ಸಬ್‌ಸ್ಟೇಷನ್ನಿನಲ್ಲಿ.

ಮೊದಲು ಲೆಕ್ಕ. ಅಂಥ ಘಟಕ ವರ್ಷವಿಡೀ ಸರಾಸರಿ ಶೇ. 65 ಲೋಡಿನಲ್ಲಿ ಓಡಿತೆನ್ನಿ, ಸುಮಾರು 120 ಕೋಟಿ ಯುನಿಟ್. ಅದರದೇ ಪಂಪು, ಫ್ಯಾನು, ಕಲ್ಲಿದ್ದಲು ಅರೆಯುವ ಗಿರಣಿಗಳಿಗೆ ಶೇ. 9ರಷ್ಟು ಹೋಗಿ, ಹೊರಗೆ ಬರುವುದು 109 ಕೋಟಿ. ನಮ್ಮ ಬಿಸಿಲಿಗೆ 1 ಮೆಗಾವ್ಯಾಟ್ ಸೋಲಾರ್ ವರ್ಷಕ್ಕೆ 16ರಿಂದ 17 ಲಕ್ಷ ಯುನಿಟ್ ಕೊಡುತ್ತದೆ. ಒಳ್ಳೆಯ ಗುಡ್ಡದ ಮೇಲಿನ ಹೊಸ ಗಾಳಿಯಂತ್ರ, ಮೆಗಾವ್ಯಾಟಿಗೆ 26 ಲಕ್ಷದ ಆಸುಪಾಸು. ಹಾಗಾಗಿ 200 ಮೆಗಾವ್ಯಾಟ್ ಗಾಳಿ, 350 ಮೆಗಾವ್ಯಾಟ್ ಸೋಲಾರ್ ಸೇರಿದರೆ ಲೆಕ್ಕ ಕೂಡುತ್ತದೆ. ಸೋಲಾರಿಗೆ ಮೆಗಾವ್ಯಾಟಿಗೆ 4ರಿಂದ 5 ಎಕರೆಯಂತೆ 1,400ರಿಂದ 1,750 ಎಕರೆ ಬೇಕು.

ಈ 350 ಮೆಗಾವ್ಯಾಟನ್ನು ಒಂದೇ ಕಡೆ ಹಾಕಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಚಳ್ಳಕೆರೆ, ಹಿರಿಯೂರು, ಜಗಳೂರಿನಲ್ಲಿ ಹಗಲಿನ ದೊಡ್ಡ ಲೋಡೆಂದರೆ ಬೋರ್‌ವೆಲ್ ಪಂಪ್‌ಸೆಟ್. 10 ಎಚ್‌ಪಿ ಪಂಪು ಸುಮಾರು 9 ಕಿಲೋವ್ಯಾಟ್ ಎಳೆಯುತ್ತದೆ. 66 ಸಾವಿರ ವೋಲ್ಟನ್ನು 11 ಸಾವಿರಕ್ಕೆ ಇಳಿಸುವ (66/11 ಕೆವಿ) ಸಬ್‌ಸ್ಟೇಷನ್ ಪಕ್ಕ 4 ಮೆಗಾವ್ಯಾಟ್ ಹಾಕಿದರೆ, ನಡುಹಗಲಲ್ಲಿ 400ಕ್ಕೂ ಹೆಚ್ಚು ಪಂಪು ಅಲ್ಲಿಯ ಕರೆಂಟಿನಲ್ಲೇ ಓಡುತ್ತವೆ. ದೂರದಿಂದ ತರುವ ಲೈನಿನ ನಷ್ಟ ಉಳಿಯುತ್ತದೆ, ರೈತರಿಗೆ ರಾತ್ರಿ ತೋಟಕ್ಕೆ ಹೋಗಿ ಮೋಟಾರ್ ಹಾಕುವ ಗೋಳು ತಪ್ಪುತ್ತದೆ. ಇಂಥ ಸುಮಾರು 90 ಸಬ್‌ಸ್ಟೇಷನ್ ಬೇಕು. ರೈತರ ಪಂಪಿಗೆ ಸೋಲಾರ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯಲ್ಲಿ ಫೀಡರ್ (ಸಬ್‌ಸ್ಟೇಷನ್ನಿನಿಂದ ಹಳ್ಳಿಗಳಿಗೆ ಹೋಗುವ 11 ಕೆವಿ ಲೈನ್) ಮಟ್ಟದ ಸೋಲಾರಿಗೆ ಅವಕಾಶ ಇಟ್ಟಿದ್ದೂ ಇದಕ್ಕೇ.

1 ಮೆಗಾವ್ಯಾಟಿಗೆ 545 ವ್ಯಾಟಿನ ಪ್ಯಾನೆಲ್ ಸುಮಾರು 2,300 (ಪ್ಯಾನೆಲ್ ಕಡೆ 1.25 ಪಟ್ಟು ಹೆಚ್ಚು ಹಾಕುವುದು ವಾಡಿಕೆ), 250 ಕಿಲೋವ್ಯಾಟಿನ 4 ಇನ್‌ವರ್ಟರ್, 11 ಕೆವಿಗೆ ಏರಿಸುವ ಟ್ರಾನ್ಸ್‌ಫಾರ್ಮರ್, ಬ್ರೇಕರ್, ಮೀಟರಿಂಗ್ ಕ್ಯೂಬಿಕಲ್ ಬೇಕು. 11 ಕೆವಿಯಲ್ಲಿ 1 ಮೆಗಾವ್ಯಾಟ್ ಅಂದರೆ ಬರೀ 52 ಆಂಪಿಯರ್, ಆದ್ದರಿಂದ ತಂತಿಗೆ ಭಾರವಲ್ಲ. ಆದರೂ ಹಳ್ಳಿಯ ಫೀಡರಿಗೆ ನಡುವೆ ಸೇರಿಸದೆ, ಸಬ್‌ಸ್ಟೇಷನ್ನಿನ 11 ಕೆವಿ ಬಸ್‌ಗೇ (ಎಲ್ಲ ಫೀಡರುಗಳು ಹೊರಡುವ ಮುಖ್ಯ ಪಟ್ಟಿ) ಪ್ರತ್ಯೇಕ ಲೈನ್ ಎಳೆಯಬೇಕು. ಫೀಡರ್ ಟ್ರಿಪ್ ಆದಾಗಲೆಲ್ಲ ಇನ್‌ವರ್ಟರ್ ತಾನಾಗಿ ನಿಲ್ಲುತ್ತದೆ; ಲೈನ್‌ಮ್ಯಾನ್ ಜೀವದ ದೃಷ್ಟಿಯಿಂದ ಅದು ನಿಲ್ಲಲೇಬೇಕು. ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗುವ ಫೀಡರಿಗೆ ಕಟ್ಟಿಹಾಕಿದರೆ ಬಿಸಿಲೆಲ್ಲ ವ್ಯರ್ಥ.

ಇನ್ನೊಂದು ತೊಂದರೆ ಮಳೆ ಬಂದ ಮರುವಾರದ್ದು. ಹೊಲ ತೇವವಿದ್ದಾಗ ಪಂಪು ಓಡುವುದಿಲ್ಲ, ಆದರೆ ಬಿಸಿಲು ಚೆನ್ನಾಗಿರುತ್ತದೆ. ಆಗ ಕರೆಂಟ್ ಹಿಮ್ಮುಖವಾಗಿ 66 ಕೆವಿಗೆ ಏರುತ್ತದೆ, 11 ಕೆವಿ ವೋಲ್ಟೇಜು 11.6 ದಾಟಿ ಇನ್‌ವರ್ಟರುಗಳು ಒಂದೊಂದಾಗಿ ಕೈಬಿಡುತ್ತವೆ. ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ವೋಲ್ಟೇಜ್ ಏರಿಳಿಸುವ ಹಂತ) ಮತ್ತು ರಿಲೇ (ದೋಷ ಕಂಡರೆ ಲೈನ್ ಕಡಿಸುವ ಸಾಧನ) ಸೆಟ್ಟಿಂಗನ್ನು ಹಿಮ್ಮುಖ ಹರಿವಿಗೂ ಹೊಂದುವಂತೆ ಮೊದಲೇ ಇಡಬೇಕು. ಇನ್‌ವರ್ಟರ್ ಸ್ವಲ್ಪ ರಿಯಾಕ್ಟಿವ್ ಪವರ್ (ನೇರ ಕೆಲಸ ಮಾಡದೆ, ಮೋಟಾರಿನಂಥವುಗಳ ಕಾಂತಕ್ಷೇತ್ರಕ್ಕಷ್ಟೇ ಹೋಗಿಬರುವ ಶಕ್ತಿ) ಹೀರಿ ವೋಲ್ಟೇಜ್ ತಗ್ಗಿಸುವಂತೆ ಮಾಡಬೇಕು. ಪಂಪು ಓಡುವ ದಿನ ಇದಕ್ಕೆ ತದ್ವಿರುದ್ಧ: ಸೋಲಾರ್ ಕಿಲೋವ್ಯಾಟ್ ಕೊಡುತ್ತದೆ, ಮೋಟಾರಿನ ರಿಯಾಕ್ಟಿವ್ ಪವರ್ ಮಾತ್ರ ಗ್ರಿಡ್ಡಿನಿಂದಲೇ ಬರುತ್ತದೆ, ಸಬ್‌ಸ್ಟೇಷನ್ನಿನ ಪವರ್ ಫ್ಯಾಕ್ಟರ್ (ಎಳೆಯುವ ಒಟ್ಟು ಶಕ್ತಿಯಲ್ಲಿ ನಿಜ ಕೆಲಸದ ಪಾಲು) ಧಡಕ್ಕನೆ ಬಿದ್ದಂತೆ ಕಾಣುತ್ತದೆ. ರಿಯಾಕ್ಟಿವ್ ಪವರನ್ನು ಅಲ್ಲೇ ಒದಗಿಸುವ ಕೆಪಾಸಿಟರ್ ಬ್ಯಾಂಕ್ ಕೆಟ್ಟು ಕೂತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಭೀಮಸಮುದ್ರದ ಕಡೆ ಗಣಿ ಧೂಳು, ದಾವಣಗೆರೆ ಕಡೆ ಎರೆಮಣ್ಣು. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ಪ್ಯಾನೆಲ್ ಕಂಬದ ಪಾಯ ಆಳವಿರಬೇಕು. ಧೂಳು ತೊಳೆಯಲು ಒಂದು ಪ್ಯಾನೆಲಿಗೆ ಒಂದೂವರೆ, ಎರಡು ಲೀಟರ್ ನೀರು ಸಾಕು, ಆದರೆ ಗಡಸು ಬೋರ್ ನೀರು ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ.

ಗಾಳಿಗೆ ಹೊಸ ಗುಡ್ಡ ಹುಡುಕುವ ಮೊದಲು ಜೋಗಿಮಟ್ಟಿ ಸುತ್ತಲಿನ ಹಳೆಯ ಯಂತ್ರಗಳನ್ನು ನೋಡಿ. ಮೊದಲು ಬಂದವರು ಒಳ್ಳೆಯ ಗಾಳಿ ಇರುವ ಜಾಗ ಹಿಡಿದರು, ನಿಲ್ಲಿಸಿದ್ದು ಮಾತ್ರ ಆ ಕಾಲದ ಗಿಡ್ಡ, ಸಣ್ಣ ಯಂತ್ರ. ಅಲ್ಲೇ 2ರಿಂದ 3 ಮೆಗಾವ್ಯಾಟಿನ ಎತ್ತರದ ಯಂತ್ರ ನಿಲ್ಲಿಸಿದರೆ ಸಂಖ್ಯೆ ಇಳಿದು ಯುನಿಟ್ ಏರುತ್ತದೆ. ಉದ್ದನೆಯ ರೆಕ್ಕೆ ಹೊತ್ತ ಟ್ರೈಲರ್ ಗುಡ್ಡದ ತಿರುವಿನಲ್ಲಿ ಹೊರಳುತ್ತದೆಯೇ ಎಂದು ಮೊದಲೇ ಅಳೆಯಬೇಕು. ಗಾಳಿಯ ಸುಗ್ಗಿ ಜೂನ್‌ನಿಂದ ಸೆಪ್ಟೆಂಬರ್.

ಇನ್ನು ಸಂಜೆ. 6ರಿಂದ 10ರವರೆಗೆ ಪೂರ್ತಿ 210 ಮೆಗಾವ್ಯಾಟ್ ಬೇಕೆಂದರೆ 840 ಮೆಗಾವ್ಯಾಟ್-ಅವರ್, ಅಂದರೆ 8.4 ಲಕ್ಷ ಯುನಿಟ್. ಬ್ಯಾಟರಿಯಲ್ಲಿ ಶೇ. 15ರಷ್ಟು ನಷ್ಟ ಹಿಡಿದರೆ ಹಗಲಲ್ಲಿ ಸುಮಾರು 990 ತುಂಬಬೇಕು. ಅಷ್ಟನ್ನೂ ಬ್ಯಾಟರಿಯಲ್ಲೇ ಮಾಡಬೇಕಿಲ್ಲ: ಹಗಲು ಸೋಲಾರ್ ಓಡುವಾಗ 1,035 ಮೆಗಾವ್ಯಾಟಿನ ಶರಾವತಿಯ ನೀರನ್ನು ಹಿಡಿದಿಟ್ಟು ಸಂಜೆಗೆ ಬಿಡಬಹುದು. ಲಿಂಗನಮಕ್ಕಿ ತುಂಬದ ವರ್ಷ ಈ ಲೆಕ್ಕ ಕೈಕೊಡುತ್ತದೆ, ಆದ್ದರಿಂದ ಅರ್ಧದಷ್ಟಾದರೂ ಬ್ಯಾಟರಿ ಇರಲಿ.

ಹಳೆಯ ಘಟಕವನ್ನು ಗುಜರಿಗೆ ಹಾಕುವ ಆತುರವೂ ಬೇಡ. ಹೊಸ ವ್ಯವಸ್ಥೆ ಒಂದು ಡಿಸೆಂಬರ್-ಜನವರಿ ದಾಟುವವರೆಗೆ ಅದು ಕಾಯ್ದಿರಲಿ. ಗಾಳಿ ಬಿದ್ದುಹೋಗಿ, ಕತ್ತಲು ಬೇಗ ಆಗುವ ತಿಂಗಳುಗಳವು. ಆಮೇಲೆ ಬಾಯ್ಲರ್, ಟರ್ಬೈನ್ ಬಿಚ್ಚಿದರೂ ಜನರೇಟರ್ ಗಟ್ಟಿಯಿದ್ದರೆ ಅದನ್ನು ಸಿಂಕ್ರೊನಸ್ ಕಂಡೆನ್ಸರ್ (ಗ್ರಿಡ್ಡಿನ ಕರೆಂಟಿನಲ್ಲೇ ಖಾಲಿ ತಿರುಗುತ್ತಾ ರಿಯಾಕ್ಟಿವ್ ಪವರ್ ಒದಗಿಸುವ ಯಂತ್ರ) ಆಗಿ ತಿರುಗಿಸುತ್ತಿರಬಹುದು. ಜರ್ಮನಿಯ ಬಿಬ್ಲಿಸ್ ಅಣು ವಿದ್ಯುತ್ ಸ್ಥಾವರದಲ್ಲಿ 2012ರಲ್ಲಿ ಹೀಗೇ ಮಾಡಿದರು. ಕಲ್ಲಿದ್ದಲು ಸುಡದೆ ಇಂಥ ಜನರೇಟರ್ ವೋಲ್ಟೇಜನ್ನು ಹಿಡಿದು ನಿಲ್ಲಿಸುತ್ತದೆ.