ಪ್ರಶ್ನೋತ್ತರ: ಕಪಾಟಿನ ವಿಸಿಡಿ, ಡಿವಿಡಿ, ಕ್ಯಾಸೆಟ್‌ಗಳನ್ನು ಏನು ಮಾಡೋಣ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನಿಂದ ಮತ್ತು ಗಡಿಯಾಚೆಯ ಜಿಲ್ಲೆಗಳಿಂದ ಬಂದಿವೆ. ಹಳೆಯ ಸಂಗ್ರಹವನ್ನು ಹೊಸ ಡಿಸ್ಕಿಗೆ ಏರಿಸುವ ವಿಚಾರವೇ ಎಲ್ಲದರಲ್ಲೂ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಸುಮಾರು 250 ವಿಸಿಡಿ, 60 ಡಿವಿಡಿ ಇವೆ. ಅರ್ಧ ಕನ್ನಡ ಸಿನಿಮಾ, ಉಳಿದದ್ದು ಯಕ್ಷಗಾನ ಮತ್ತು ತಾಳಮದ್ದಳೆ. 55 ಇಂಚಿನ ಟಿವಿ ತಂದ ಮೇಲೆ ವಿಸಿಡಿ ನೋಡಲಾಗುತ್ತಿಲ್ಲ, ಮುಖವೆಲ್ಲ ಚೌಕ ಚೌಕ. ಬ್ಲೂ-ರೇ ಪ್ಲೇಯರ್ ಕೊಂಡರೆ ಸರಿಯಾದೀತೇ? ಎಲ್ಲವನ್ನೂ ಬ್ಲೂ-ರೇ ಡಿಸ್ಕಿಗೆ ಬರೆಸಬೇಕೇ?
(ಓದುಗರು, ಬದಿಯಡ್ಕ)

ಉತ್ತರ: ಮೊದಲು ಲೆಕ್ಕ ನೋಡಿ. ವಿಸಿಡಿಯ ಒಂದು ಚೌಕಟ್ಟಿನಲ್ಲಿರುವುದು 352 ಅಡ್ಡ, 288 ಉದ್ದ, ಅಂದರೆ ಒಂದು ಲಕ್ಷ ಚುಕ್ಕೆ. ಡಿವಿಡಿಯಲ್ಲಿ 720 ಮತ್ತು 576, ನಾಲ್ಕು ಲಕ್ಷಕ್ಕೆ ಸ್ವಲ್ಪ ಹೆಚ್ಚು. ಬ್ಲೂ-ರೇಯಲ್ಲಿ 20 ಲಕ್ಷ ದಾಟುತ್ತದೆ, 4ಕೆ ಡಿಸ್ಕಿನಲ್ಲಿ 83 ಲಕ್ಷ. ನಿಮ್ಮ ಟಿವಿ 4ಕೆ ಆಗಿದ್ದರೆ ವಿಸಿಡಿಯ ಒಂದು ಚುಕ್ಕೆಯಿಂದ 80 ಚುಕ್ಕೆ ಮಾಡಬೇಕು. ಪಾಸ್‌ಪೋರ್ಟ್ ಫೋಟೋವನ್ನು ಫ್ಲೆಕ್ಸ್ ಬೋರ್ಡಿಗೆ ಹಿಗ್ಗಿಸಿದ ಹಾಗೆ. ವಿಸಿಡಿಯನ್ನು ಬ್ಲೂ-ರೇ ಡಿಸ್ಕಿಗೆ ಬರೆಸಿದರೂ ಆ ಲಕ್ಷ ಚುಕ್ಕೆಯೇ ಬರುತ್ತದೆ, ಜಾಗ ಮಾತ್ರ ದೊಡ್ಡದು. ಹಾಗಾಗಿ ‘ಎಲ್ಲವನ್ನೂ’ ಬೇಡ.

ಇನ್ನೊಂದು ತೊಡಕಿದೆ. ಬ್ಲೂ-ರೇ ಪ್ಲೇಯರ್‌ಗಳಲ್ಲಿ ಡಿವಿಡಿ ಓಡುತ್ತದೆ, ಆದರೆ ವಿಸಿಡಿ ಎಲ್ಲದರಲ್ಲೂ ಓಡುವುದಿಲ್ಲ. ಕೊಳ್ಳುವ ಮೊದಲು ಕೈಪಿಡಿಯಲ್ಲಿ ‘ಓಡುವ ಡಿಸ್ಕುಗಳು’ ಪಟ್ಟಿಯನ್ನು ನೋಡಿ, ಇಲ್ಲವೇ ಒಂದು ವಿಸಿಡಿಯನ್ನು ಅಂಗಡಿಗೇ ಒಯ್ದು ಹಾಕಿಸಿ. ಈಗಿರುವ ಡಿವಿಡಿ ಪ್ಲೇಯರನ್ನು ಮಾರಬೇಡಿ. ಅದು ಹಳದಿ ತಂತಿಯಲ್ಲಿ ಟಿವಿಗೆ ಸೇರಿದ್ದರೆ ಮತ್ತು ಅದಕ್ಕೆ ಎಚ್‌ಡಿಎಂಐ ಕಿಂಡಿ ಇದ್ದರೆ ಇವತ್ತೇ ತಂತಿ ಬದಲಿಸಿ. ಡಿವಿಡಿಗಳ ಮಟ್ಟಿಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಅದರಿಂದಲೇ ಬರುತ್ತದೆ. ಜೊತೆಗೆ ಟಿವಿಯ ‘ಶಾರ್ಪ್‌ನೆಸ್’ ಇಳಿಸಿ. ವಿಸಿಡಿಯ ಚೌಕಗಳ ಅಂಚನ್ನು ಎತ್ತಿ ತೋರಿಸುವುದು ಅದೇ.

ಈಗ ಸಂಗ್ರಹವನ್ನು ಬೇರೆ ಬೇರೆ ಮಾಡಿ. ಸಿನಿಮಾಗಳದ್ದು ಒಂದು ರಾಶಿ. ಅವುಗಳಲ್ಲಿ ಡಿವಿಡಿ ಅಥವಾ ಬ್ಲೂ-ರೇ ಬಂದಿರುವುದನ್ನು ಕೊಂಡರೆ ನಿಜವಾಗಿ ಮೇಲೇರಿದಂತೆ, ಏಕೆಂದರೆ ಅದು ಸಾಮಾನ್ಯವಾಗಿ ಮೂಲ ರೀಲಿನಿಂದ ಬೇರೆಯಾಗಿ ತೆಗೆದದ್ದು. ಕನ್ನಡ ಚಿತ್ರಗಳು ಬ್ಲೂ-ರೇಯಲ್ಲಿ ಬಂದದ್ದು ಬಹಳ ಕಡಿಮೆ ಎಂಬುದು ಬೇಸರದ ಮಾತು. ಹಾಗಾಗಿ ಈ ರಾಶಿಯಲ್ಲಿ ಹೆಚ್ಚಿನವು ಡಿವಿಡಿಯವರೆಗೆ ಮಾತ್ರ ಏರುತ್ತವೆ. ಡಿವಿಡಿಗೂ ಬರದ ಚಿತ್ರದ ವಿಸಿಡಿ ಇದ್ದರೆ ಅದನ್ನು ಜೋಪಾನ ಮಾಡಿ.

ಎರಡನೆಯ ರಾಶಿ ತಾಳಮದ್ದಳೆ. ಇದಕ್ಕೆ ಏನೂ ಮಾಡಬೇಕಾಗಿಲ್ಲ. ವಿಸಿಡಿಯಲ್ಲಿ ಚಿತ್ರ ಬಡವಾದರೂ ಧ್ವನಿ ಬಡವಲ್ಲ. 44.1 ಕಿಲೋಹರ್ಟ್ಸ್, ಸೆಕೆಂಡಿಗೆ 224 ಕಿಲೋಬಿಟ್. ಅರ್ಥಗಾರಿಕೆಗೂ ಮದ್ದಳೆಗೂ ಅಷ್ಟು ಸಾಕು. ಫೈಲಾಗಿ ಇಳಿಸಿಟ್ಟರೆ ಮುಗಿಯಿತು.

ಮೂರನೆಯದು ಯಕ್ಷಗಾನ ಆಟದ ವಿಸಿಡಿಗಳು, ಅದರಲ್ಲೂ ಸ್ಥಳೀಯ ಸ್ಟುಡಿಯೋದವರು ಕೆಲವೇ ಪ್ರತಿ ಬರೆದು ಹಂಚಿದವು. ಕೆಲಸ ಇಲ್ಲಿಂದ ಶುರುವಾಗಲಿ. ಸಿನಿಮಾ ಬೇರೆ ಕಡೆ ಸಿಕ್ಕೀತು, ಇದು ಸಿಗದು. ಕಂಪನಿಯ ಡಿಸ್ಕು ಅಚ್ಚೊತ್ತಿದ್ದು. ಸ್ಟುಡಿಯೋದ ಡಿಸ್ಕು ಬಣ್ಣದ ಪದರದ ಮೇಲೆ ಲೇಸರ್‌ನಿಂದ ಸುಟ್ಟದ್ದು, ಅದು ಬೇಗ ಮಾಸುತ್ತದೆ. ವಿಸಿಡಿಗೆ 0.8 ಜಿಬಿಯಂತೆ 250ಕ್ಕೆ 200 ಜಿಬಿ, ಡಿವಿಡಿಗೆ ಹೆಚ್ಚೆಂದರೆ 8.5 ಜಿಬಿಯಂತೆ 60ಕ್ಕೆ 510 ಜಿಬಿ. ಒಂದು ಟಿಬಿಯ ಹಾರ್ಡ್ ಡಿಸ್ಕ್ ಸಾಕು, ಆದರೆ ಎರಡು ಕೊಳ್ಳಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ.

ಕಂಪನಿಯ ಡಿವಿಡಿಗೆ ಕಾಪಿ ಬೀಗ ಇದ್ದರೆ ಅದನ್ನು ತೆಗೆಯುವ ದಾರಿಯನ್ನು ನಾವು ಹೇಳುವುದಿಲ್ಲ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದು ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ ಶಿಕ್ಷಾರ್ಹ. ವಿಸಿಡಿಗೆ ಅಂಥ ಬೀಗವೇ ಇಲ್ಲ.

ಪ್ರಶ್ನೆ: ವಿಸಿಡಿಯ ‘ಡ್ಯಾಟ್’ ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡುವಾಗ ಅರ್ಧಕ್ಕೆ ನಿಂತು ‘ಸೈಕ್ಲಿಕ್ ರಿಡಂಡೆನ್ಸಿ’ ಎಂದು ಬರುತ್ತದೆ. ಅದೇ ಡಿಸ್ಕು ಪ್ಲೇಯರ್‌ನಲ್ಲಿ ಚೆನ್ನಾಗಿ ಓಡುತ್ತದೆ!
(ಓದುಗರು, ಪೆರ್ಲ)

ಉತ್ತರ: ಸಿಡಿಯಲ್ಲಿ ಮಾಹಿತಿಯನ್ನು ಸೆಕ್ಟರ್ ಎಂಬ ಪುಟ್ಟ ತುಂಡುಗಳಾಗಿ ಬರೆದಿರುತ್ತಾರೆ. ಡಾಟಾ ಸಿಡಿಯ ಪ್ರತಿ ಸೆಕ್ಟರ್‌ನಲ್ಲಿ 2048 ಬೈಟ್ ಮಾಹಿತಿ, ಉಳಿದ ಜಾಗದಲ್ಲಿ ತಪ್ಪು ತಿದ್ದುವ ಲೆಕ್ಕ ಇರುತ್ತದೆ. ವಿಸಿಡಿಯಲ್ಲಿ ಹೆಚ್ಚು ಹೊತ್ತಿನ ಚಿತ್ರ ಹಿಡಿಸಲು ಆ ತಿದ್ದುವ ಜಾಗವನ್ನೂ ಚಿತ್ರಕ್ಕೇ ಕೊಟ್ಟು 2324 ಬೈಟ್ ತುಂಬಿದ್ದಾರೆ. 700 ಎಂಬಿಯ ಡಿಸ್ಕಿನಲ್ಲಿ 800 ಎಂಬಿಯ ಫೈಲ್ ಕಾಣುವುದು ಇದರಿಂದಲೇ. ಪ್ಲೇಯರ್ ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ. ವಿಂಡೋಸ್ ಮಾತ್ರ ಒಂದು ಸೆಕ್ಟರ್ ಓದಲಾಗದಿದ್ದರೂ ಇಡೀ ಫೈಲನ್ನು ಕೈಬಿಡುತ್ತದೆ. ಒಂದು ಸೆಕೆಂಡಿಗೆ 75 ಸೆಕ್ಟರ್ ಓಡುವುದರಿಂದ ಹತ್ತಿಪ್ಪತ್ತು ಸೆಕ್ಟರ್ ಹೋದರೂ ಕಳೆಯುವುದು ಕಣ್ಣು ಮಿಟುಕಿಸುವಷ್ಟು ಚಿತ್ರ.

ಡಿಸ್ಕನ್ನು ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆಯಿರಿ. ಒರೆಸುವಾಗ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ, ಸುತ್ತಲೂ ತಿರುಗಿಸಬೇಡಿ. ಸುತ್ತ ಬಿದ್ದ ಗೀರು ಓದುವ ಹಾದಿಯ ಉದ್ದಕ್ಕೂ ಕೂರುತ್ತದೆ. ಆಮೇಲೆ ಲೇಬಲ್ ಬದಿಯನ್ನು ಬಲ್ಬಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅಲ್ಲಿ ಹೊಳೆಯುವ ಪದರವೇ ಕಿತ್ತುಹೋಗಿದೆ. ಅದನ್ನು ಯಾವ ಪಾಲಿಶೂ ತರಲಾರದು. ಕೆಳಬದಿಯ ಗೀರಾದರೆ ಆಸೆ ಇದೆ.

ನಂತರ ಎಕ್ಸ್‌ಪ್ಲೋರರ್ ಬಿಟ್ಟು ಐಸೋಬಸ್ಟರ್‌ನಂಥ ತಂತ್ರಾಂಶದಿಂದ ಎತ್ತಿ. ಅದರಲ್ಲಿ ವಿಸಿಡಿಯ ಎಂಪೆಗ್ (ಚಿತ್ರ, ಧ್ವನಿಯನ್ನು ಹಿಂಡಿಡುವ ಪದ್ಧತಿ) ಚೌಕಟ್ಟುಗಳನ್ನು ಮಾತ್ರ ಸೋಸಿ ತೆಗೆಯುವ ಆಯ್ಕೆ ಇದೆ, ಓದಲಾಗದ ಸೆಕ್ಟರ್‌ ಹಾರಿಸು ಎಂದೂ ಹೇಳಬಹುದು. ಲಿನಕ್ಸ್‌ನವರಿಗೆ ವಿಸಿಡಿ ಇಮೇಜರ್ ಜೊತೆ ಬರುವ ‘ವಿಸಿಡಿ ಎಕ್ಸ್ ರಿಪ್’ ಇದೆ. ಒಂದು ಡ್ರೈವ್‌ನಲ್ಲಿ ಆಗದ್ದು ಇನ್ನೊಂದರಲ್ಲಿ ಆಗುವುದುಂಟು, ವೇಗ ಇಳಿಸಿದರೆ ಇನ್ನೂ ಒಳ್ಳೆಯದು. ಸಿಕ್ಕ ಎಂಪೆಗ್ ಫೈಲನ್ನು ಹಾಗೆಯೇ ಇಟ್ಟುಕೊಳ್ಳಿ, ಎಂಪಿ4 ಮಾಡುವ ಗೋಜು ಬೇಡ. ಇರುವುದೇ ಲಕ್ಷ ಚುಕ್ಕೆ, ಮತ್ತೊಮ್ಮೆ ಹಿಂಡಿದರೆ ಅದೂ ಕರಗುತ್ತದೆ.

ಪ್ರಶ್ನೆ: 1990ರ ದಶಕದ ಯಕ್ಷಗಾನ, ಮದುವೆ ಕ್ಯಾಸೆಟ್‌ಗಳಿಗೆ ಬಿಳಿ ಬೂಷ್ಟು ಬಂದಿದೆ. ಪೇಟೆಯ ಒಂದು ಅಂಗಡಿಯವರು ‘ಎಚ್‌ಡಿ ಬ್ಲೂ-ರೇ’ ಮಾಡಿಕೊಡುತ್ತೇವೆ ಎನ್ನುತ್ತಾರೆ. ಮೊದಲು ಡಿವಿಡಿ ಮಾಡಿಸಿದ್ದರಲ್ಲಿ ಕುಣಿತ ಬಂದಾಗ ಚಿತ್ರ ಒಡೆಯುತ್ತದೆ.
(ಓದುಗರು, ಕುಂಬಳೆ)

ಉತ್ತರ: ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ವಿಸಿಆರ್‌ಗೆ ಹಾಕಬೇಡಿ. ಹೆಡ್‌ಗೆ ಮೆತ್ತಿಕೊಂಡು ಚಿತ್ರ ಹೋಗುತ್ತದೆ, ನಂತರ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ಬೂಷ್ಟು ದಾಟುತ್ತದೆ. ಅವನ್ನು ಬೇರೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಇಡಿ. ಒಣಗಿದ ಮೇಲೆ ಚಿಪ್ಪು ಬಿಚ್ಚಿ ಟೇಪ್ ಶುಚಿಮಾಡುವುದು ಅನುಭವಿಗಳ ಕೆಲಸ. ಬೂಷ್ಟು ಒರೆಸಲೆಂದೇ ಪ್ರತ್ಯೇಕ ಯಂತ್ರ ಇಟ್ಟುಕೊಂಡವರಿಗೆ ಮಾತ್ರ ಕೊಡಿ. ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರ ಬರುತ್ತಿಲ್ಲ, ಇದ್ದದ್ದು ಕೆಟ್ಟರೆ ಹೆಡ್ ಹುಡುಕುವುದೇ ದೊಡ್ಡ ಪಾಡು.

ಕುಣಿತ ಒಡೆಯುವುದಕ್ಕೆ ಕಾರಣ ನಿಮ್ಮ ಕ್ಯಾಸೆಟ್ ಅಲ್ಲ, ಡಿವಿಡಿಯ ಜಾಗ. ಮೂರು ಗಂಟೆಯ ಕ್ಯಾಸೆಟ್ಟನ್ನು 4.7 ಜಿಬಿಯ ಒಂದೇ ಡಿಸ್ಕಿಗೆ ತುರುಕಿದರೆ ಸೆಕೆಂಡಿಗೆ ಸಿಗುವುದು ಧ್ವನಿಯೂ ಸೇರಿ ಮೂರೂವರೆ ಮೆಗಾಬಿಟ್. ಭಾಗವತರು ಕೂತಿರುವ ದೃಶ್ಯಕ್ಕೆ ಅದು ಧಾರಾಳ. ಪುಂಡುವೇಷ ಧೀಂಗಿಣ ಹೊಡೆಯುವಾಗ ಪ್ರತಿ ಚೌಕಟ್ಟೂ ಹೊಸದು, ಅಷ್ಟು ಬಿಟ್ ಇಲ್ಲದೆ ಚಿತ್ರ ಚೌಕಗಳಾಗಿ ಒಡೆಯುತ್ತದೆ. ಕ್ಯಾಸೆಟ್‌ಗೆ ಬ್ಲೂ-ರೇ ಡಿಸ್ಕು ಉಪಯೋಗಕ್ಕೆ ಬರುವುದು ಇಲ್ಲಿಯೇ. ಎಚ್‌ಡಿ ಆಗುತ್ತದೆಂದಲ್ಲ, ಜಾಗ ಸಿಗುತ್ತದೆಂದು. ಸೆಕೆಂಡಿಗೆ 8 ಮೆಗಾಬಿಟ್‌ನ ಎಂಪೆಗ್-2ರಲ್ಲಿ ಗಂಟೆಗೆ 3.6 ಜಿಬಿ, ಮೂರು ಗಂಟೆಯ ಎರಡು ಕ್ಯಾಸೆಟ್ 25 ಜಿಬಿಯ ಡಿಸ್ಕಿನಲ್ಲಿ ಆರಾಮವಾಗಿ ಕೂರುತ್ತವೆ.

ಅಂಗಡಿಯವರನ್ನು ಹೀಗೆ ಕೇಳಿ. 720 ಮತ್ತು 576ರಲ್ಲೇ, ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲೇ ಇಳಿಸುತ್ತೀರಾ? ಸೆಕೆಂಡಿಗೆ 50 ಅರೆಚೌಕಟ್ಟು ಹಾಗೇ ಉಳಿಯುತ್ತವೆಯೇ? ಇಳಿಸಿದ ಮೂಲ ಫೈಲನ್ನೂ ಹಾರ್ಡ್ ಡಿಸ್ಕಿಗೆ ಕೊಡುತ್ತೀರಾ? ಎರಡನೆಯ ಪ್ರಶ್ನೆ ಮುಖ್ಯ. ವಿಎಚ್‌ಎಸ್ ಚಿತ್ರ ಒಂದು ಬಿಟ್ಟು ಒಂದು ಗೆರೆಯಂತೆ ಸೆಕೆಂಡಿಗೆ 50 ಸಲ ಹಿಡಿದದ್ದು. ‘ಎಚ್‌ಡಿ’ ಮಾಡುವವರಲ್ಲಿ ಹಲವರು ಅದನ್ನು 25 ಮಾಡಿ ಹಿಗ್ಗಿಸುತ್ತಾರೆ, ಅರ್ಧ ಚಲನೆ ಅಲ್ಲೇ ಹೋಯಿತು. ಬ್ಲೂ-ರೇ ಡಿಸ್ಕು ಮೂಲ ರೂಪವನ್ನೂ ಒಪ್ಪುತ್ತದೆ, ಸೆಕೆಂಡಿಗೆ 50 ಪೂರ್ಣ ಚೌಕಟ್ಟಿನ, 720 ಗೆರೆಯ ಎಚ್‌ಡಿ ಚಿತ್ರವನ್ನೂ ಒಪ್ಪುತ್ತದೆ.

ಮನೆಯಲ್ಲೇ ಮಾಡುವುದಾದರೆ, ಹೋಗುತ್ತಾ ಹೋಗುತ್ತಾ ಮಾತು ತುಟಿಗೆ ತಪ್ಪುವುದು ಎಲ್ಲರ ದೂರು. ಹಳೆ ಟೇಪಿನ ಸಿಗ್ನಲ್ ನಡುಗಿದಾಗ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನ ಚೌಕಟ್ಟು ಬಿಡುತ್ತದೆ, ಧ್ವನಿಯನ್ನು ಬಿಡುವುದಿಲ್ಲ. ಚಿತ್ರ, ಧ್ವನಿ ಎರಡನ್ನೂ ಒಂದೇ ಸಾಧನದ ಮೂಲಕ ತೆಗೆದುಕೊಳ್ಳಿ, ಹಬ್ ಬಳಸದೆ ನೇರ ಚುಚ್ಚಿ. ನಡುಗುವ ಸಿಗ್ನಲನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಸಿಕ್ಕರೆ ನಡುವೆ ಸೇರಿಸಿ. ಮಿನಿಡಿವಿ ಕ್ಯಾಸೆಟ್‌ಗಳಿದ್ದರೆ ಈ ದಾರಿ ಬೇಡವೇ ಬೇಡ. ಅವು ಹುಟ್ಟಿನಿಂದಲೇ ಡಿಜಿಟಲ್, ಫೈರ್‌ವೈರ್ ತಂತಿಯಲ್ಲಿ ಇಳಿಸಿದರೆ ಗಂಟೆಗೆ 13 ಜಿಬಿಯಂತೆ ಯಥಾವತ್ ಬರುತ್ತದೆ.

ಪ್ರಶ್ನೆ: ಡಿವಿಡಿ ಸಿನಿಮಾ ಹೊಸ ಟಿವಿಯಲ್ಲಿ ನಾಲ್ಕೂ ಕಡೆ ಕಪ್ಪು ಪಟ್ಟಿಯ ನಡುವೆ ಚಿಕ್ಕದಾಗಿ ಕಾಣುತ್ತದೆ. ಡಿಸ್ಕು ಕೆಟ್ಟಿದೆಯೇ?
(ಓದುಗರು, ತಾಳವಾಡಿ)

ಉತ್ತರ: ಕೆಟ್ಟಿಲ್ಲ. ಹಳೆಯ ಚೌಕ ಟಿವಿಗೆಂದು ಮೇಲೆ ಕೆಳಗಿನ ಕಪ್ಪು ಪಟ್ಟಿಯನ್ನು ಚಿತ್ರದೊಳಗೇ ಸೇರಿಸಿ ಮಾಡಿದ ಡಿವಿಡಿ ಅದು. ಪ್ಲೇಯರ್‌ನಲ್ಲಿ 16:9 ಎಂದಿಟ್ಟು, ಟಿವಿಯ ‘ಜೂಮ್’ ಒತ್ತಿ. ‘ಸ್ಟ್ರೆಚ್’ ಒತ್ತಬೇಡಿ, ನಾಯಕ ದಪ್ಪಗಾಗುತ್ತಾನೆ.

ಪ್ರಶ್ನೆ: ಅಮೆರಿಕದಿಂದ ತಮ್ಮ ತಂದ ಬ್ಲೂ-ರೇ ಪ್ಲೇಯರ್‌ನಲ್ಲಿ ನಮ್ಮ ಡಿವಿಡಿಗಳು ಓಡುತ್ತಿಲ್ಲ.
(ಓದುಗರು, ಅಕ್ಕಲಕೋಟೆ)

ಉತ್ತರ: ಡಿಸ್ಕಿನ ವಲಯ ಪ್ಲೇಯರ್‌ನ ವಲಯಕ್ಕೆ ಹೊಂದದಿದ್ದರೆ ಓಡದು. ಡಿವಿಡಿಗೆ ಅಮೆರಿಕ ವಲಯ 1, ಭಾರತ ವಲಯ 5. ಬ್ಲೂ-ರೇಗೆ ಅವರದು ಎ, ನಮ್ಮದು ಸಿ. ಡಿವಿಡಿ ಪೆಟ್ಟಿಗೆಯ ಹಿಂದೆ ಭೂಗೋಳದ ಚಿತ್ರದೊಳಗೆ ವಲಯದ ಅಂಕಿ ಇರುತ್ತದೆ. ವಲಯ ಇಲ್ಲದ ಡಿವಿಡಿಯೂ ಓಡದಿದ್ದರೆ ಆ ಯಂತ್ರಕ್ಕೆ ಪಾಲ್ ಬಾರದು ಎಂದರ್ಥ. 4ಕೆ ಡಿಸ್ಕುಗಳಿಗೆ ಮಾತ್ರ ವಲಯದ ಕಟ್ಟಿಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ವಲಯವನ್ನು ಐದು ಸಲ ಬದಲಿಸಬಹುದು, ಐದನೆಯದು ಶಾಶ್ವತ. ಅಂದ ಹಾಗೆ, ಪ್ಲೇಯರ್‌ನ ಹಿಂದೆ ‘100-240 ವೋಲ್ಟ್’ ಎಂದು ಬರೆದಿಲ್ಲದಿದ್ದರೆ ನಮ್ಮ ಪ್ಲಗ್‌ಗೆ ಚುಚ್ಚಲೇಬೇಡಿ.

ಪ್ರಶ್ನೆ: 4ಕೆ ಡಿಸ್ಕು ಹಾಕಿದರೂ ಬಣ್ಣ ಮಂಕಾಗಿದೆ, ಹಣ ದಂಡವೇ?
(ಓದುಗರು, ಹೊಸೂರು)

ಉತ್ತರ: ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಕಿಂಡಿಯನ್ನು ‘ಎನ್‌ಹಾನ್ಸ್ಡ್’ ಮಾಡಿ. ಹಲವು ಟಿವಿಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ, ಹಾಗಿದ್ದರೆ ಎಚ್‌ಡಿಆರ್ (ಹೆಚ್ಚಿನ ಹೊಳಪು, ಬಣ್ಣದ ಮಾಹಿತಿ) ದಾಟುವುದಿಲ್ಲ. ತಂತಿ 18 ಗಿಗಾಬಿಟ್‌ನದ್ದಿರಲಿ, ಕಿಂಡಿಗೆ ಎಚ್‌ಡಿಸಿಪಿ 2.2 (ತಂತಿಯಲ್ಲಿ ಕಾಪಿ ತಡೆಯುವ ಬೀಗ) ಇರಲಿ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಈ ಡಿಸ್ಕುಗಳನ್ನು ಓಡಿಸುತ್ತದೆ, 4 ಓಡಿಸುವುದಿಲ್ಲ.

ಪ್ರಶ್ನೆ: ಯಾವ ಖಾಲಿ ಡಿಸ್ಕಿಗೆ ಬರೆದರೆ ನಮ್ಮ ಮಳೆಗಾಲ ತಡೆದೀತು?
(ಓದುಗರು, ಮುಳ್ಳೇರಿಯ)

ಉತ್ತರ: ಬ್ಲೂ-ರೇ ಖಾಲಿ ಡಿಸ್ಕುಗಳಲ್ಲಿ ಎರಡು ಜಾತಿ. ‘ಎಲ್‌ಟಿಎಚ್’ ಎಂದು ಬರೆದದ್ದರಲ್ಲಿ ಡಿವಿಡಿಯ ಹಾಗೆ ಸಾವಯವ ಬಣ್ಣ, ಅದು ಬೇಡ. ‘ಎಚ್‌ಟಿಎಲ್’ ಅಥವಾ ಎಂ-ಡಿಸ್ಕ್ ತೆಗೆದುಕೊಳ್ಳಿ, ಬರೆಯುವ ಪದರ ಅಜೈವಿಕ. ಸೋನಿ 2025ರ ಫೆಬ್ರವರಿಯಲ್ಲಿ ಖಾಲಿ ಬ್ಲೂ-ರೇ ತಯಾರಿಕೆ ನಿಲ್ಲಿಸಿತು, ಬೇಕಾದಷ್ಟನ್ನು ಈಗಲೇ ತಂದಿಟ್ಟುಕೊಳ್ಳುವುದು ಜಾಣತನ. 25 ಜಿಬಿ ಡಿಸ್ಕು ವಿಂಡೋಸ್‌ನಲ್ಲಿ 23ರ ಆಸುಪಾಸು ತೋರಿಸುತ್ತದೆ, ಅಂಗಡಿಯವರ ಜೊತೆ ಜಗಳ ಬೇಡ. 4ಎಕ್ಸ್ ವೇಗದಲ್ಲಿ ಬರೆದು ‘ವೆರಿಫೈ’ ಹಾಕಿ. ಕಾಗದದ ಸ್ಟಿಕರ್ ಅಂಟಿಸಬೇಡಿ. ತೇವಕ್ಕೆ ಅದು ಒಂದು ಕಡೆ ಎಳೆದು ಡಿಸ್ಕು ಬಾಗುತ್ತದೆ. ನೀರಿನ ಶಾಯಿಯ ಮಾರ್ಕರ್‌ನಲ್ಲಿ ನಡುವಿನ ಪಾರದರ್ಶಕ ಉಂಗುರದ ಮೇಲೆ ಬರೆದರೆ ಸಾಕು.

ಇಡುವ ಜಾಗ ಅಡುಗೆಮನೆಯ ಅಟ್ಟ ಆಗಬಾರದು. ಅಲ್ಲಿ ಬೂಷ್ಟು ಬರುವುದಿಲ್ಲ ನಿಜ, ಆದರೆ ಒಲೆಯ ಹೊಗೆ ಡಿಸ್ಕಿನ ಮೇಲೆ ಜಿಡ್ಡಾಗಿ ಕೂರುತ್ತದೆ, ಬಿಸಿಗೆ ಡಿಸ್ಕು ಸೊಟ್ಟಗಾಗುತ್ತದೆ. ಒಳಗೋಡೆಗೆ ತಾಗಿದ ಕಬ್ಬಿಣದ ಕಪಾಟಿನಲ್ಲಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಗಟ್ಟಿ ಪೆಟ್ಟಿಗೆಯ ಡಿಸ್ಕುಗಳನ್ನು ನಿಲ್ಲಿಸಿ ಇಡಿ. ಮೆತ್ತನೆಯ ಪ್ಲಾಸ್ಟಿಕ್ ಚೀಲದ ಆಲ್ಬಮ್ ಮಳೆಗಾಲದಲ್ಲಿ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ ವಾಪಸ್ ಹಾಕಿ. ಆ ಬಾಣಲೆ ಅಡುಗೆಗೆ ಬೇಡ, ನೀಲಿ ಬಣ್ಣದ ಕೋಬಾಲ್ಟ್ ವಿಷ.